ಬೆನ್ನ ಮೇಲಿನ ಕೈ

ಹೋದ ವಾರ ನಮ್ಮ ಸಭೆಯ ಹುಡುಗಿ ಒಬ್ಬಳು ಮನೆಗೆ ಬಂದಿದ್ಲು. ಡಿಗ್ರಿ ಕೊನೇ ವರ್ಷ ಓದ್ತಿದಾಳೆ. ಮೂರು ದಿನದ ಯೌವನಸ್ಥರ ಕೂಟಕ್ಕೆ ಹೋಗಿ ಬಂದ ಭಾನುವಾರ ಚರ್ಚಲ್ಲಿ ಅವಳ ಮುಖ ನೋಡೋಕೆ ಎರಡು ಕಣ್ಣು ಸಾಲ್ತಿರ್ಲಿಲ್ಲ, ಹಾಡಿಗೆ ಎದ್ದು ನಿಂತವಳು ಕೂತೇ ಇಲ್ಲ. ಈಗ ಹತ್ತು ದಿನ ಆದ್ಮೇಲೆ ಬಂದು ನನ್ನ ಓವರ್‌ಲಾಕ್ ಮಿಷಿನ್ ಪಕ್ಕ ಸ್ಟೂಲ್ ಎಳ್ಕೊಂಡು ಕೂತು, ಅಕ್ಕಾ ಎಲ್ಲಾ ಹೋಯ್ತು, ಅಲ್ಲಿ ಆಗಿದ್ದು ನಿಜನೋ ಸುಳ್ಳೋ ಒಂದೂ ತಿಳೀವಲ್ದು, ನಿನ್ನೆ ಅಮ್ಮನ ಜೊತೆ ಜಗಳ ಆಡಿ ಊಟದ ತಟ್ಟೆ ಎಸೆದುಬಿಟ್ಟೆ, ದೇವರ ಹತ್ರ ಹೋಗಿ ಬಂದವರು ತಟ್ಟೆ ಎಸೀತಾರಾ ಅಂತ ಅತ್ಲು. ಮಿಷಿನ್ ಸದ್ದಲ್ಲಿ ನಾನು ಏನು ಹೇಳಿದ್ನೋ ಅವಳಿಗೆ ಎಷ್ಟು ಕೇಳಿಸ್ತೋ. ಅವತ್ತು ಸಂಜೆ ಲೋಡ್ ಕೊಡಬೇಕಿತ್ತು, ಕೈ ಬಿಡುವು ಇರ್ಲಿಲ್ಲ, ಚಾ ಕೊಟ್ಟು ಕಳಿಸಿದೆ. ಆಮೇಲಿಂದ ಅದೇ ಮನಸ್ಸಲ್ಲಿ ಕೊರೀತಿದೆ, ಅದಕ್ಕೇ ಬರೀತಾ ಇದೀನಿ, ಅವಳು ಓದ್ತಾಳೆ ಅಂತ ಗೊತ್ತು.

ನನ್ನ ಕಥೆನೇ ಹೇಳ್ತೀನಿ, ಬೇರೆ ಯಾರದ್ದೋ ಹೇಳಿದ್ರೆ ಉಪದೇಶ ಆಗುತ್ತೆ. ನಾನು ಹುಟ್ಟಿದ್ದು ರಾಯಚೂರು ಜಿಲ್ಲೆ ಮುದಗಲ್ಲಲ್ಲಿ. ಕೋಟೆ ಊರು, ತಲೆತಲಾಂತರದಿಂದ ಕಥೋಲಿಕರು ಇರೋ ಊರು, ಸಂಜೆ ದೀಪ ಹಚ್ಚಿದ್ಮೇಲೆ ಅಜ್ಜಿ ಪಕ್ಕ ಕೂತು ಜಪಸರ ಹೇಳ್ತಾ ಬೆಳೆದವಳು ನಾನು. 2007ರಲ್ಲಿ ಮದುವೆ ಆಗಿ ಬಳ್ಳಾರಿಗೆ ಬಂದೆ, ಇವರದು ಪ್ರಾಟೆಸ್ಟೆಂಟ್ ಮನೆತನ, ಅತ್ತೆಗೆ ನನ್ನ ಜಪಸರ ಕಂಡ್ರೆ ಆಗ್ತಿರ್ಲಿಲ್ಲ. ಬಂದ ಮೂರನೇ ತಿಂಗಳಲ್ಲಿ ಅದು ನನ್ನ ದಿಂಬಿನ ಕೆಳಗಿಂದ ಕಾಣೆಯಾಯ್ತು, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹನ್ನೆರಡು ವರ್ಷ ಒಂದೇ ಒಲೆ ಮುಂದೆ ಅಡುಗೆ ಮಾಡಿದ್ವಿ, ಒಂದು ಸಲನೂ ಆಕೆ ನನ್ನ ತಲೆ ಮೇಲೆ ಕೈ ಇಟ್ಟಿದ್ದು ನನಗೆ ನೆನಪಿಲ್ಲ. ಇದನ್ನ ದೂರು ಅಂತ ಹೇಳ್ತಿಲ್ಲ, ಮುಂದಿನದು ಅರ್ಥ ಆಗಬೇಕಂದ್ರೆ ಇದು ಗೊತ್ತಿರಬೇಕು.

ನಮ್ಮ ಕೆಲಸ ಜೀನ್ಸ್ ಹೊಲಿಯೋದು. ಬಳ್ಳಾರಿಯವರಿಗೆ ಹೇಳೋದೇ ಬೇಡ, ಕೌಲ್ ಬಜಾರ್ ಕಡೆ ಓಣಿ ಓಣಿಲೂ ಮಿಷಿನ್ ಸದ್ದೇ. ಕಟಿಂಗ್ ಮಾಸ್ಟರ್ ಹತ್ರದಿಂದ ಬಂಡಲ್ ಬರುತ್ತೆ, ನಾವು ಸೈಡ್ ಹೊಲಿದು ಬೆಲ್ಟ್ ಕೂರಿಸಿ ಲೂಪ್ ಹಾಕಿ ಕೊಡ್ತೀವಿ, ಪೀಸ್ ಲೆಕ್ಕದಲ್ಲಿ ದುಡ್ಡು. ಮನೆ ಮುಂದಿನ ರೂಮಲ್ಲಿ ನಾಲ್ಕು ಮಿಷಿನ್, ಇಬ್ರು ಹುಡುಗಿಯರು ಬರ್ತಾರೆ. ಹೊಸ ಬಟ್ಟೆಯ ನೀಲಿ ಬಣ್ಣ ಬೆರಳ ಸಂದಿನಲ್ಲಿ ಕೂತುಬಿಟ್ಟಿರುತ್ತೆ, ಚರ್ಚಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚೋ ಕರ್ತನ ಭೋಜನಕ್ಕೆ ಕೈ ಚಾಚುವಾಗ ಎಷ್ಟೋ ಸಲ ನಾಚಿಕೆ ಆಗಿದೆ.

2018ರ ಆಗಸ್ಟಲ್ಲಿ ಸ್ತ್ರೀಯರ ಅನ್ಯೋನ್ಯ ಕೂಟದಿಂದ ಮೂರು ದಿನ ಸಂಡೂರು ಕಡೆ ಗುಡ್ಡದ ಮೇಲೆ ಧ್ಯಾನಕ್ಕೆ ಅಂತ ಕರ್ಕೊಂಡು ಹೋದ್ರು. ಸಂಡೂರು ಗುಡ್ಡ ಮಳೆಗಾಲದಲ್ಲಿ ನೋಡಿದವರಿಗೆ ಗೊತ್ತು, ಬಳ್ಳಾರಿ ಬಿಸಿಲಲ್ಲಿ ಬೆಂದ ಕಣ್ಣಿಗೆ ಆ ಹಸಿರು ನೋಡಿದ್ರೇನೇ ಅಳು ಬರುತ್ತೆ. ನಾನು ಭಕ್ತಿಯಿಂದ ಹೋದವಳೇನಲ್ಲ, ನಿಜ ಹೇಳಬೇಕಂದ್ರೆ ಮೂರು ದಿನ ಮಿಷಿನ್ ಸದ್ದಿಲ್ಲದೆ ನಿದ್ದೆ ಮಾಡೋಣ ಅಂತ ಹೋಗಿದ್ದೆ. ಮನೆಯಲ್ಲಿ ಸಂಘದ ಸಾಲ ಇತ್ತು, ಎರಡು ಕಂತು ಬಾಕಿ ಬಿದ್ದಿತ್ತು. ಎರಡನೇ ರಾತ್ರಿ ನಿದ್ದೆನೇ ಹತ್ತಲಿಲ್ಲ. ಮೂರು ಗಂಟೆ ಆಗಿರಬೇಕು, ಹೊದಿಕೆ ಸುತ್ಕೊಂಡು ಹೊರಗೆ ಜಗಲಿ ಮೇಲೆ ಬಂದು ಕೂತೆ. ಮಂಜು ಅಂದ್ರೆ ಮಂಜು, ಅಂಗಳದ ಬಲ್ಬ್ ಒಂದು ಹಳದಿ ಉಂಡೆ ಹಂಗೆ ಕಾಣ್ತಿತ್ತು, ಅದರಾಚೆ ಏನೂ ಇಲ್ಲ. ಪ್ರಾರ್ಥನೆ ಮಾಡೋಕೆ ಮಾತು ಬರಲಿಲ್ಲ, ಯೇಸಪ್ಪಾ ಅಂದೆ, ಅಷ್ಟೇ. ಆಮೇಲೆ ಬೆನ್ನ ಮೇಲೆ, ಎರಡು ಭುಜದ ನಡುವೆ, ಒಂದು ಕೈ ಇತ್ತು. ಮಗುನ ಮಲಗಿಸುವಾಗ ತಾಯಿ ಅಂಗೈ ಇಡ್ತಾಳಲ್ಲ, ಹಂಗೆ. ನಮ್ಮ ಜೊತೆ ಬಂದ ದೊಡ್ಡಮ್ಮ ಯಾರೋ ಎದ್ದು ಬಂದ್ರು ಅಂದ್ಕೊಂಡು ತಿರುಗಿ ನೋಡಿದೆ, ಯಾರೂ ಇಲ್ಲ. ಭಯ ಆಗಬೇಕಿತ್ತು, ಆಗಲಿಲ್ಲ. ಆ ಕೈ ಅರ್ಧ ಗಂಟೆ ಇದ್ದಿರಬಹುದು, ಒಂದು ಗಂಟೆ ಇದ್ದಿರಬಹುದು, ನಾನಂತೂ ಬೆಳಕು ಹರಿಯೋವರೆಗೂ ಹಂಗೇ ಕೂತಿದ್ದೆ, ಕಣ್ಣೀರು ತಾನಾಗೇ ಇಳೀತಿತ್ತು, ಸಾಲ ನೆನಪಿತ್ತು, ಅತ್ತೆ ನೆನಪಿತ್ತು, ಎಲ್ಲಾ ನೆನಪಿತ್ತು, ಆದ್ರೆ ಯಾವುದೂ ನನ್ನ ಮೇಲೆ ಬಿದ್ದಿರ್ಲಿಲ್ಲ. ಇದನ್ನ ಯಾರಿಗೂ ಪ್ರೂವ್ ಮಾಡೋಕೆ ನನ್ನಿಂದ ಆಗಲ್ಲ, ಮಾಡಬೇಕು ಅಂತನೂ ಇಲ್ಲ.

ವಾಪಸ್ ಬರುವಾಗ ತೋರಣಗಲ್ಲು ರಸ್ತೆಲಿ ಅದಿರು ಲಾರಿ ಸಾಲು. ಬಸ್ಸಿನ ಕಿಟಕಿ ಮುಚ್ಚಿದ್ರೆ ಸೆಖೆ, ತೆಗೆದ್ರೆ ಕೆಂಪು ಧೂಳು. ಮನೆ ಮುಟ್ಟೋ ಹೊತ್ತಿಗೆ ನನ್ನ ಬಿಳಿ ಸೀರೆ ಸೆರಗು ಇಟ್ಟಿಗೆ ಬಣ್ಣ ಆಗಿತ್ತು.

ಮನೆಗೆ ಬಂದ ಮೂರನೇ ದಿನ ನಡೆದಿದ್ದು ಇಷ್ಟು. ಹೊಸದಾಗಿ ಸೇರಿದ ಹುಡುಗಿ ಅರವತ್ತು ಪೀಸಿಗೆ ಬೆಲ್ಟ್ ಉಲ್ಟಾ ಕೂರಿಸಿಬಿಟ್ಟಿದ್ಲು. ಡೆನಿಮ್ ಹೊಲಿಗೆ ಬಿಚ್ಚೋದು ಅಂದ್ರೆ ಏನು ಅಂತ ಮಾಡಿದವರಿಗೇ ಗೊತ್ತು, ಎಳೆ ಎಳೆ ಬ್ಲೇಡಲ್ಲಿ ಕೊಯ್ದು ತೆಗೀಬೇಕು, ಸ್ವಲ್ಪ ಜಾರಿದ್ರೆ ಬಟ್ಟೆ ಹೋಯ್ತು. ನಾನು ಆ ಮಗುಗೆ ಬೈದ ಮಾತು ಇಲ್ಲಿ ಬರೆಯೋಕಾಗಲ್ಲ. ಅವಳ ತಾಯಿ ಹೆಸರೆತ್ತಿ ಬೈದೆ. ಅವಳು ಅಳ್ತಾ ಹೋದ್ಲು, ನಾನು ಬ್ಲೇಡ್ ಹಿಡ್ಕೊಂಡು ಒಬ್ಬಳೇ ಕೂತು ಬಿಚ್ತಾ ಬಿಚ್ತಾ ಅನ್ಕೊಂಡೆ, ಆ ರಾತ್ರಿ ಆಗಿದ್ದು ಬರೀ ನಿದ್ದೆಗೇಡಿನ ಭ್ರಮೆ. ತಟ್ಟೆ ಎಸೆದ ನನ್ನ ತಂಗಿ, ಕೇಳಿಸ್ಕೊಂಡ್ಯಾ?

ಅದಾದ್ಮೇಲೆ ಒಂದು ವರ್ಷ ನಾನು ಆ ರಾತ್ರಿನ ಹುಡುಕ್ಕೊಂಡು ಓಡಾಡಿದೆ. ಎಲ್ಲಿ ಉಪವಾಸ ಕೂಟ ಅಂದ್ರೂ ಹೊರಡೋದು, ಗಂಗಾವತಿ ಸಿಂಧನೂರು ರಾಯಚೂರು ಎಲ್ಲಾ ಸುತ್ತಿದೆ, ಬಸ್ ಚಾರ್ಜಿಗೆ ಮನೆ ದುಡ್ಡು ಖರ್ಚು ಮಾಡಿದೆ. ಒಂದು ದೊಡ್ಡ ಕೂಟದಲ್ಲಿ ಸ್ಟೇಜ್ ಮೇಲೆ ಕರೆದು ಸಾಕ್ಷಿ ಹೇಳು ಅಂದ್ರು, ನಾನು ಹೇಳಿದ್ದಕ್ಕೆ ಮೈಕ್ ಹಿಡಿದವರು ಇನ್ನೆರಡು ಸೇರಿಸಿ ಹೇಳಿದ್ರು, ಬೆಳಕು ಕಂಡಿತು ಅಂದ್ರು, ಶಬ್ದ ಕೇಳಿತು ಅಂದ್ರು. ನನಗೆ ಬೆಳಕೂ ಕಂಡಿರ್ಲಿಲ್ಲ ಶಬ್ದನೂ ಕೇಳಿರ್ಲಿಲ್ಲ. ಆದ್ರೂ ಬಾಯಿ ಮುಚ್ಕೊಂಡು ನಿಂತಿದ್ದೆ, ಅದಕ್ಕೆ ಇವತ್ತಿಗೂ ದೇವರ ಮುಂದೆ ಕ್ಷಮೆ ಕೇಳ್ತೀನಿ. ಇಳಿದು ಬಂದ್ಮೇಲೆ ಒಳಗೆ ಎಲ್ಲಾ ಖಾಲಿ ಖಾಲಿ.

ನಮ್ಮ ಸಭೆಯಲ್ಲಿ ರಿಟೈರ್ಡ್ ನರ್ಸ್ ಒಬ್ರಿದ್ದಾರೆ, ನಾವೆಲ್ಲಾ ಅಮ್ಮಮ್ಮ ಅಂತೀವಿ. ಅವರ ಹತ್ರ ಹೋಗಿ ಎಲ್ಲಾ ಹೇಳ್ಕೊಂಡೆ. ಅವರು ಸಮಾಧಾನ ಏನೂ ಮಾಡಲಿಲ್ಲ. ಕನ್ನಡಕ ಹಾಕ್ಕೊಂಡು ಬೈಬಲ್ ತೆಗೆದು, "ಗುಡ್ಡದ ಮೇಲೆ ಸ್ವಾಮಿ ರೂಪ ಬದಲಾಗಿದ್ದು ಓದೀಯಲ್ಲ, ಅದು ಎಲ್ಲಿಗೆ ನಿಂತೈತೆ ಹೇಳು" ಅಂದ್ರು. ಯೇಸು ಮುಖದಲ್ಲಿ ಬೆಳಕು, ಹಳೇ ಕಾಲದ ಪ್ರವಾದಿಗಳಾದ ಮೋಶೆ ಎಲೀಯ ಕಂಡಿದ್ದು, ಮೋಡದಿಂದ ಶಬ್ದ, ಅಲ್ಲಿಗೆ ನಿಲ್ಲುತ್ತೆ ಅಂದೆ. "ಅಲ್ಲಿಗೆ ನಿಲ್ಲಂಗಿಲ್ಲವ್ವ, ಮುಂದ ಓದು. ಕೈ ಎಲ್ಲೆಲ್ಲಿ ಬರ್ತೈತೆ ನೋಡ್ಕೊಂಡು ಓದು" ಅಂತ ಹೇಳಿ ಕಳಿಸಿದ್ರು.

ಯೇಸುವಿನ ಕಥೆ ಹೇಳೋ ಸುವಾರ್ತೆಗಳಲ್ಲಿ ಮತ್ತಾಯ 17, ಮಾರ್ಕ 9, ಲೂಕ 9, ಮೂರನ್ನೂ ಪಕ್ಕಪಕ್ಕ ಇಟ್ಕೊಂಡು ಓದಿದೆ. ಹನ್ನೆರಡು ಶಿಷ್ಯರಲ್ಲಿ ಪೇತ್ರ ಯಾಕೋಬ ಯೋಹಾನ ಮೂರೇ ಜನ ಮೇಲೆ ಹೋಗಿದ್ದು, ಒಂಬತ್ತು ಜನ ಕೆಳಗೇ ಇದ್ರು. ಹೋದ ಮೂವರಿಗೂ ನಿದ್ದೆ ಎಳೀತಿತ್ತು ಅಂತ ಲೂಕ ಬರೀತಾನೆ, ಅದನ್ನ ಓದಿ ನನಗೆ ಎಷ್ಟು ಸಮಾಧಾನ ಆಯ್ತೋ. ಪೇತ್ರನಿಗೆ ಅಲ್ಲೇ ಮೂರು ಗುಡಾರ ಹಾಕೋ ಆಸೆ, ಇಲ್ಲೇ ಇದ್ದುಬಿಡೋಣ ಅಂತ. ಏನು ಮಾತಾಡ್ತಿದೀನಿ ಅಂತ ಅವನಿಗೇ ಗೊತ್ತಿರ್ಲಿಲ್ಲ. ಮೋಡದಿಂದ ಶಬ್ದ ಬಂತು, ಈತನ ಮಾತು ಕೇಳಿ ಅಂತ, ಮೂವರೂ ಹೆದರಿ ಬೋರಲು ಬಿದ್ರು. ಇದಾದ್ಮೇಲೆ ಮತ್ತಾಯ ಒಂದು ಸಣ್ಣ ಮಾತು ಬರೆದಿದಾನೆ, ಇಷ್ಟು ವರ್ಷ ಓದಿದ್ರೂ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ. ಯೇಸು ಹತ್ತಿರ ಬಂದು ಅವರನ್ನ ಮುಟ್ಟಿ, ಏಳಿ, ಹೆದರಬೇಡಿ ಅಂದ. ಕಣ್ಣೆತ್ತಿ ನೋಡಿದ್ರೆ ಮೋಶೆ ಇಲ್ಲ, ಎಲೀಯ ಇಲ್ಲ, ಬೆಳಕೂ ಇಲ್ಲ. ಯೇಸು ಒಬ್ಬನೇ ನಿಂತಿದ್ದ, ದಿನಾ ನೋಡ್ತಿದ್ದ ಯೇಸುನೇ.

ಕೆಳಗೆ ಬಂದ್ರೆ ಗದ್ದಲ. ಒಂದು ಹುಡುಗ, ಮೈಮೇಲೆ ಬಂದಾಗ ಬೆಂಕಿಗೆ ಬೀಳ್ತಾನೆ ನೀರಿಗೆ ಬೀಳ್ತಾನೆ, ಬಾಯಲ್ಲಿ ನೊರೆ, ಹಲ್ಲು ಕಡೀತಾನೆ. ಕೆಳಗಿದ್ದ ಒಂಬತ್ತು ಜನರ ಕೈಯಲ್ಲಿ ಆಗಿಲ್ಲ, ಶಾಸ್ತ್ರಿಗಳ ಜೊತೆ ವಾದ ನಡೀತಿದೆ. ಯೇಸು ಆ ತಂದೆಗೆ ಕೇಳೋ ಪ್ರಶ್ನೆ ನೋಡಿ, ಇವನಿಗೆ ಇದು ಎಷ್ಟು ಕಾಲದಿಂದ ಇದೆ ಅಂತ. ಓಪಿಡಿಯಲ್ಲಿ ಒಳ್ಳೇ ಡಾಕ್ಟರ್ ಕೇಳೋ ಹಂಗೆ. ಸಣ್ಣವನಿದ್ದಾಗಿಂದ ಅಂತಾನೆ ತಂದೆ. ಆಮೇಲೆ ಆ ತಂದೆ ಕೂಗಿ ಹೇಳಿದ ಮಾತು, ನಂಬ್ತೀನಿ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು ಅನ್ನೋದು, ಅದಕ್ಕಿಂತ ಸತ್ಯವಾದ ಪ್ರಾರ್ಥನೆ ನಾನಂತೂ ಕೇಳಿಲ್ಲ. ಕೊನೆಗೆ ಹುಡುಗ ಸತ್ತವನ ಹಂಗೆ ಬಿದ್ದುಬಿಡ್ತಾನೆ, ಜನ ಸತ್ತೇಹೋದ ಅಂತಾರೆ, ಆಗ ಯೇಸು ಅವನ ಕೈ ಹಿಡಿದು ಎಬ್ಬಿಸ್ತಾನೆ. ಮೇಲೆ ಬಿದ್ದಿದ್ದ ಶಿಷ್ಯರನ್ನ ಮುಟ್ಟಿ ಏಳಿ ಅಂದ ಕೈನೇ ಕೆಳಗೆ ಬಿದ್ದಿದ್ದ ಹುಡುಗನ್ನ ಎತ್ತಿದ್ದು. ಬೆಳಕು ಮೇಲೇ ಉಳೀತು. ಕೈ ಇಳಿದು ಬಂತು.

ಅಮ್ಮಮ್ಮ ಹೇಳಿದ ಮೇಲೆ ಎಲ್ಲಾ ಕಡೆ ಕೈನೇ ಕಾಣೋಕೆ ಶುರುವಾಯ್ತು. ಎಲೀಯ ನೋಡಿ, ಕರ್ಮೆಲ್ ಗುಡ್ಡದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು, ಅದಾದ್ಮೇಲೆ ಒಬ್ಬ ರಾಣಿ ಬೆದರಿಕೆಗೆ ಅಡವಿಗೆ ಓಡಿ ಒಂದು ಗಿಡದ ಕೆಳಗೆ ಬಿದ್ದು ಸಾಕು ಸ್ವಾಮಿ, ಪ್ರಾಣ ತಗೊಂಬಿಡು ಅಂದ. ನನ್ನ ಕಣ್ಣಿಗೆ ಆ ಗಿಡ ಯಾವಾಗ್ಲೂ ಜಾಲಿಗಿಡನೇ, ನಮ್ಮೂರ ಹೆಸರನ್ನೇ ಇಟ್ಕೊಂಡಿರೋ ಬಳ್ಳಾರಿ ಜಾಲಿ, ನೆರಳಿಗೆ ನೆರಳಲ್ಲ ಮುಳ್ಳಿಗೆ ಮುಳ್ಳು. ಅಲ್ಲಿ ದೇವದೂತ ಬಂದು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ, ಎರಡನೇ ಸಲನೂ ಮುಟ್ಟಿ ಎಬ್ಬಿಸಿದ, ದಾರಿ ದೂರ ಐತೆ ತಿನ್ನು ಅಂತ. ಆ ಊಟದ ಬಲದಲ್ಲಿ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ್ಮೇಲೆ ಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲ್ಲನೆ ಮಾತು, ಆ ಮಾತು ಹೇಳಿದ್ದೇನು? ಬಂದ ದಾರಿಲಿ ವಾಪಸ್ ಹೋಗು, ಇಂಥವರನ್ನ ಅಭಿಷೇಕ ಮಾಡು, ಕೆಲಸ ಬಾಕಿ ಇದೆ.

ಇದೆಲ್ಲಾ ಓದಿ ಅರ್ಥ ಆಯ್ತು ಅಂದ್ಕೊಂಡಿದ್ದೆ. ಓದಿದ್ದು ಬೇರೆ, ಮೈಗೆ ಹತ್ತೋದು ಬೇರೆ. 2019ರ ಡಿಸೆಂಬರಲ್ಲಿ, ಕ್ರಿಸ್‌ಮಸ್ಸಿಗೆ ಇನ್ನೂ ಹತ್ತು ದಿನ ಇರುವಾಗ, ಅತ್ತೆಗೆ ಲಕ್ವ ಹೊಡೀತು. ಬಲಗೈ ಬಲಗಾಲು ಪೂರ್ತಿ ಹೋಯ್ತು, ಮಾತೂ ಹೋಯ್ತು. ಆಸ್ಪತ್ರೆಯಿಂದ ಕಳಿಸುವಾಗ ನಮಗೆ ಯಾರೂ ಸರಿಯಾಗಿ ಏನೂ ಹೇಳಿಕೊಡಲಿಲ್ಲ, ಒಂದು ಚೀಟಿ ಕೊಟ್ಟು ಮನೆಗೆ ಕರ್ಕೊಂಡು ಹೋಗಿ ಅಂದ್ರು. ಅಮ್ಮಮ್ಮನೇ ಬಂದು ತೋರಿಸಿಕೊಟ್ಟಿದ್ದು, ಎರಡೆರಡು ಗಂಟೆಗೆ ಮಗ್ಗಲು ಬದಲಾಯಿಸಬೇಕು ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ, ಮಲಗಿಸಿ ಊಟ ಕೊಡಬಾರದು, ಎತ್ತಿ ಕೂರಿಸಿ ಸಣ್ಣ ಚಮಚದಲ್ಲಿ ಗಂಜಿ, ನುಂಗಿದ್ಳಾ ಅಂತ ನೋಡ್ಕೊಂಡು ಇನ್ನೊಂದು ಚಮಚ.

ಮೊದಲ ದಿನ ಸ್ನಾನ ಮಾಡಿಸಬೇಕಾದ್ರೆ ನನ್ನ ಕೈ ಮುಂದೆ ಹೋಗಲಿಲ್ಲ. ಹನ್ನೆರಡು ವರ್ಷ ಮುಟ್ಟದೆ ಇದ್ದ ಮೈ ಅದು. ಬಿಸಿನೀರು ಬಕೆಟಲ್ಲಿ ಇದೆ, ಟವೆಲ್ ಒದ್ದೆ ಮಾಡ್ಕೊಂಡು ನಿಂತಿದೀನಿ, ಆಕೆ ಗೋಡೆ ಕಡೆ ಮುಖ ತಿರುಗಿಸಿಕೊಂಡಿದಾಳೆ, ನಾಚಿಕೆಯಿಂದ, ಸಿಟ್ಟಿಂದ, ಗೊತ್ತಿಲ್ಲ. ನನ್ನ ಒಳಗೆ ಪ್ರೀತಿ ಅನ್ನೋದು ಒಂದು ಹನಿ ಇರ್ಲಿಲ್ಲ. ಆ ಗಳಿಗೆಲಿ ನನಗೆ ಸಂಡೂರಿನ ಹಸಿರೂ ನೆನಪಾಗಲಿಲ್ಲ, ಮಂಜೂ ನೆನಪಾಗಲಿಲ್ಲ, ಬೆನ್ನಲ್ಲಿ ಎರಡು ಭುಜದ ನಡುವೆ ಆ ಜಾಗ ಮಾತ್ರ ಬೆಚ್ಚಗಾಯ್ತು. ಅಷ್ಟೇ. ಮತ್ತೆ ದರ್ಶನ ಏನೂ ಆಗಲಿಲ್ಲ, ಬರೀ ನೆನಪು, ಆದ್ರೆ ಆ ನೆನಪು ತಲೆಯಲ್ಲಿ ಇರ್ಲಿಲ್ಲ, ಬೆನ್ನಲ್ಲಿತ್ತು. ನಾನು ಮೊದಲು ಟವೆಲ್ ಇಟ್ಟಿದ್ದು ಅತ್ತೆಯ ಬೆನ್ನ ಮೇಲೆ ಅದೇ ಜಾಗದಲ್ಲಿ. ಅಲ್ಲಿಂದ ಶುರು ಮಾಡಿ ಒರೆಸಿದೆ. ಆಕೆ ಬೆನ್ನು ಇಷ್ಟು ಸಣ್ಣದು ಅಂತ ನನಗೆ ಗೊತ್ತೇ ಇರ್ಲಿಲ್ಲ.

ಅಲ್ಲಿಂದ ಮೂರು ತಿಂಗಳಿಗೆ ಲಾಕ್‌ಡೌನ್. ಜೀನ್ಸ್ ಕೆಲಸ ಪೂರ್ತಿ ನಿಂತುಹೋಯ್ತು, ಪಾಕೆಟ್ಟಿಗೆ ಹಾಕೋ ಬಟ್ಟೆ ಉಳಿದಿತ್ತು ಅದರಲ್ಲೇ ಮಾಸ್ಕ್ ಹೊಲಿದು ದಿನ ದೂಡಿದ್ವಿ. ಆ ದಿನಗಳ ಬಗ್ಗೆ ಎಲ್ಲರೂ ಬರೆದಿದಾರೆ, ನಾನು ಬೇರೆ ಬರೆಯಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮನೆಯವರಿಗೆ ಇಂಥ ಅನುಭವ ಜೀವನದಲ್ಲಿ ಒಂದು ಸಲನೂ ಆಗಿಲ್ಲ. ಪ್ರಾರ್ಥನೇಲಿ ಕಣ್ಣೀರೂ ಬರಲ್ಲ, ಕೂಟಕ್ಕೆ ಬಾ ಅಂದ್ರೆ ಹಿಂದಿನ ಸಾಲಲ್ಲಿ ಕೂತು ಆಕಳಿಸ್ತಾರೆ. ಆದ್ರೆ ರಾತ್ರಿ ಎರಡು ಗಂಟೆ ಪಾಳಿ ಅವರದ್ದೇ, ಐದು ವರ್ಷದ ಮೇಲಾಯ್ತು ಒಂದು ರಾತ್ರಿನೂ ತಪ್ಪಿಸಿಲ್ಲ, ತಾಯಿ ಬೆಡ್‌ಪ್ಯಾನ್ ತೊಳೆದು ಇಟ್ಟು ಮಗ್ಗಲು ತಿರುಗಿಸಿ ಮಲಗ್ತಾರೆ. ಹಾಗಿದ್ರೆ ನನಗ್ಯಾಕೆ ಕೊಟ್ಟ ದೇವರು? ನನಗೆ ಅನ್ಸೋದು, ನನಗೆ ಬೇಕಾಗಿತ್ತು ಅದಕ್ಕೇ. ಅವರಿಗಿಂತ ನನ್ನ ಕೈ ಗಟ್ಟಿಯಾಗಿ ಮುಚ್ಕೊಂಡಿತ್ತು. ಅನುಭವ ಆದವರು ಆಗದವರಿಗಿಂತ ಒಂದು ಮೆಟ್ಟಿಲು ಮೇಲೆ ಅನ್ನೋ ಮಾತು ನಮ್ಮ ಕೂಟಗಳಲ್ಲಿ ತುಂಬಾ ನಡೀತದೆ, ಅದು ತಪ್ಪು, ಯಾರು ಬೇಕಾದ್ರೂ ಬೇಜಾರು ಮಾಡ್ಕೊಳ್ಳಿ. ಅಪೊಸ್ತಲ ಪೌಲ ಮೂರನೇ ಆಕಾಶದವರೆಗೂ ಒಯ್ಯಲ್ಪಟ್ಟೆ ಅಂತ ಕೊರಿಂಥದವರಿಗೆ ಬರೆಯೋದು ಹದಿನಾಲ್ಕು ವರ್ಷ ಆದ್ಮೇಲೆ, ಅದೂ ಯಾರೋ ಒಬ್ಬ ಮನುಷ್ಯ ಅಂತ ಮರೆಮಾಚಿ. ಅಲ್ಲಿ ಏನು ಕೇಳಿದೆ ಅಂತ ಹೇಳಲ್ಲ. ಮುಂದಿನ ಮಾತೇ ಮೈಯಲ್ಲಿ ನೆಟ್ಟ ಮುಳ್ಳಿನ ಬಗ್ಗೆ, ಮೂರು ಸಲ ಬೇಡ್ಕೊಂಡ್ರೂ ದೇವರು ತೆಗೀಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅಂದ. ಆಕಾಶಕ್ಕೆ ಹೋಗಿ ಬಂದವನು ಮುಳ್ಳು ಇಟ್ಕೊಂಡೇ ಕೆಲಸ ಮಾಡಿದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ನಮ್ಮ ಕಡೆ ರೈತರೆಲ್ಲಾ ಉಸಿರು ಹಿಡ್ಕೊಂಡಿದ್ರು. ಆ ಟೈಮಲ್ಲಿ ಒಬ್ಬ ಬೋಧಕರು ಹೇಳಿದ್ರು, ಆತ್ಮಿಕ ಅನುಭವ ಅಂದ್ರೆ ಡ್ಯಾಮಲ್ಲಿ ನೀರು ಕೂಡಿಟ್ಟಂಗೆ, ಮಲೆನಾಡಲ್ಲಿ ಬಿದ್ದ ಮಳೆ ಇಲ್ಲಿ ಬೇಸಿಗೆಗೆ ಕಾಲುವೇಲಿ ಹರಿಯುತ್ತೆ, ಗೇಟು ಗಟ್ಟಿ ಇಟ್ಕೊಳ್ಳಿ ಅಂತ. ಚಂದ ಹೇಳಿದ್ರು, ಎಲ್ಲರೂ ಆಮೆನ್ ಅಂದ್ರು. ನನಗೆ ಮಾತ್ರ ಒಪ್ಪಿಗೆ ಆಗಲಿಲ್ಲ. ಕೂಡಿಟ್ಕೊಳ್ಳೋಕೆ ಹೋಗಿ ಒಂದು ವರ್ಷ ಕಳೆದವಳು ನಾನು. ಅಡವಿಯಲ್ಲಿ ಇಸ್ರಾಯೇಲರು ದೇವರು ಆಕಾಶದಿಂದ ಕೊಟ್ಟ ಆಹಾರ ಮನ್ನನ ನಾಳೆಗೆ ಅಂತ ಎತ್ತಿಟ್ರೆ ಬೆಳಿಗ್ಗೆ ಹುಳ ಬಿದ್ದು ನಾರ್ತಿತ್ತು. ಆ ರಾತ್ರಿಯ ಶಾಂತಿ ಆ ರಾತ್ರಿಗೇ ಮುಗೀತು, ಅದನ್ನ ಬೇಸಿಗೆಗೆ ಬಿಡೋಕೆ ನನ್ನ ಹತ್ರ ಸ್ಟಾಕ್ ಇಲ್ಲ. ಉಳಿದಿದ್ದು ಬೆನ್ನಲ್ಲಿ ಒಂದು ಗುರುತು, ಕೈ ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಾಗೋಷ್ಟು.

ಪಾಸ್ಕಲ್ ಅಂತ ಫ್ರಾನ್ಸಿನ ದೊಡ್ಡ ಗಣಿತಜ್ಞ ಇದ್ದ. 1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆವರೆಗೆ, ಅವನಿಗೆ ದೇವರ ಸಾನ್ನಿಧ್ಯದ ಅನುಭವ ಆಯ್ತು. ಟೈಮು ಸಮೇತ ಬರೆದಿಟ್ಟ, ಬೆಂಕಿ ಅಂತ ಒಂದೇ ಪದ ಒಂದು ಸಾಲು, ಅಬ್ರಹಾಮ ಇಸಾಕ ಯಾಕೋಬರ ದೇವರು, ತತ್ವಜ್ಞಾನಿಗಳ ದೇವರಲ್ಲ ಅಂತ. ಬರೆದು ಯಾರಿಗೂ ತೋರಿಸಲಿಲ್ಲ. 1662ರಲ್ಲಿ ಅವನು ಸತ್ತ ಮೇಲೆ ಒಬ್ಬ ಸೇವಕನಿಗೆ ಕೋಟಿನ ಒಳಗೆ ಏನೋ ದಪ್ಪ ಕೈಗೆ ಹತ್ತಿತು, ಬಿಚ್ಚಿದ್ರೆ ಅಸ್ತರಿನೊಳಗೆ ಆ ಬರಹ. ಎಂಟು ವರ್ಷ, ಕೋಟು ಬದಲಾಯಿಸಿದಾಗೆಲ್ಲ ಬಿಚ್ಚಿ ಹೊಸ ಕೋಟಿಗೆ ಮತ್ತೆ ಹೊಲಿದುಕೊಳ್ತಿದ್ದನಂತೆ. ಇದನ್ನ ಕೇಳಿದಾಗ ನನ್ನ ಕೈಯಲ್ಲಿದ್ದ ಪ್ಯಾಂಟು ಹಂಗೇ ಬಿಟ್ಟು ಕೂತೆ. ಹೊಲಿಯೋಳಿಗೆ ಗೊತ್ತು, ಅಸ್ತರು ಯಾರಿಗೂ ಕಾಣಲ್ಲ, ಆದ್ರೆ ಬಟ್ಟೆ ಮೈಮೇಲೆ ಹೇಗೆ ಕೂರುತ್ತೆ ಅನ್ನೋದು ಅದರ ಮೇಲೆ ನಿಂತಿರುತ್ತೆ. ಮತ್ತೆ ಮತ್ತೆ ಬಿಚ್ಚಿ ಹೊಲಿಯೋದು ಅಂದ್ರೆ ಏನು ಅಂತನೂ ಗೊತ್ತು. ಸ್ಟೇಜ್ ಮೇಲೆ ಹೇಳಿದ ನನ್ನ ಸಾಕ್ಷಿ ನೆನಪಾಗಿ ಅವತ್ತು ತುಂಬಾ ಹೊತ್ತು ಮಾತು ಹೊರಡಲಿಲ್ಲ.

ಪೇತ್ರನ ಕಥೆ ಪೂರ್ತಿ ಮಾಡಬೇಕು. ಯೇಸು ಅವನ ಅತ್ತೆಗೆ ಜ್ವರ ಬಂದಾಗ ಕೈ ಹಿಡಿದು ಎಬ್ಬಿಸಿದ್ದು ಅವನ ಮನೆಯಲ್ಲೇ, ಅವನ ಕಣ್ಣೆದುರೇ. ನೀರಲ್ಲಿ ಮುಳುಗುವಾಗ ಅದೇ ಕೈ ಅವನನ್ನ ಹಿಡೀತು. ಗುಡ್ಡದ ಮೇಲೆ ಮುಟ್ತು. ಇಷ್ಟಾದ್ರೂ ಯೇಸುನ ಹಿಡ್ಕೊಂಡು ಹೋದ ರಾತ್ರಿ ಅಂಗಳದಲ್ಲಿ ಚಳಿ ಕಾಯಿಸ್ಕೊಳ್ತಾ ಕೂತು ಒಬ್ಬ ಕೆಲಸದ ಹುಡುಗಿ ಮುಂದೆ ಆತ ಯಾರೋ ಗೊತ್ತೇ ಇಲ್ಲ ಅಂದ. ಅಷ್ಟು ದೊಡ್ಡ ಬೆಳಕು ಕಂಡವನೇ ಹಂಗೆ ಅಂದ್ಮೇಲೆ ನಿನ್ನ ತಟ್ಟೆ, ನನ್ನ ಬೈಗುಳ, ಅವೇನು ದೊಡ್ಡದು ಅಂತ ಹೇಳಲ್ಲ, ಆದ್ರೆ ಅದರಿಂದ ಬೆಳಕು ಸುಳ್ಳಾಗಲಿಲ್ಲ. ಆಮೇಲೆ ಅಪೊಸ್ತಲರ ಕೃತ್ಯಗಳು ಓದಿ. ದೇವಾಲಯದ ಬಾಗಿಲಲ್ಲಿ ಹುಟ್ಟು ಕುಂಟನ ಬಲಗೈ ಹಿಡಿದು ಪೇತ್ರ ಎತ್ತುತಾನೆ. ಯೊಪ್ಪದಲ್ಲಿ ತಬಿಥಾ ಸತ್ತಿರ್ತಾಳೆ, ದೊರ್ಕ ಅಂತನೂ ಕರೀತಾರೆ, ವಿಧವೆಯರಿಗೆ ಅಂಗಿ ಬಟ್ಟೆ ಹೊಲಿದು ಕೊಡ್ತಿದ್ದ ಹೆಂಗಸು, ನನ್ನ ಪಾಲಿಗೆ ಬೈಬಲ್ಲಲ್ಲಿರೋ ನಮ್ಮ ಓಣಿ ಹೆಂಗಸು ಅವಳೇ. ವಿಧವೆಯರೆಲ್ಲಾ ಅಳ್ತಾ ಅವಳು ಹೊಲಿದ ಬಟ್ಟೆ ಒಂದೊಂದೇ ತೋರಿಸ್ತಾರೆ. ಪೇತ್ರ ಪ್ರಾರ್ಥನೆ ಮಾಡ್ತಾನೆ, ಅವಳು ಕಣ್ಣು ತೆರೀತಾಳೆ, ಅವನು ಕೈ ಕೊಟ್ಟು ಎಬ್ಬಿಸ್ತಾನೆ. ಎಷ್ಟು ಸಲ ಅವನನ್ನ ಎಬ್ಬಿಸಿದ ಕೈಯೋ, ಅದರ ವಾಟ ಅವನ ಕೈಗೂ ಬಂದುಬಿಟ್ಟಿದೆ. ಮುದುಕನಾದ್ಮೇಲೆ ಬರೆದ ಪತ್ರದಲ್ಲಿ ಆ ಗುಡ್ಡದ ಶಬ್ದ ನೆನಪಿಸ್ಕೊಳ್ತಾನೆ, ಅದರ ಹಿಂದಿನ ಸಾಲುಗಳಲ್ಲೇ ತನ್ನ ದೇಹನ ಗುಡಾರ ಅಂತಾನೆ, ಬೇಗ ಬಿಚ್ಚಬೇಕಾದ ಗುಡಾರ. ಗುಡ್ಡದ ಮೇಲೆ ಹಾಕಬೇಕು ಅಂದ್ಕೊಂಡಿದ್ದು ಕೆಳಗೆ ಜನರ ನಡುವೆ ಹಾಕಿ ಮುಗಿಸಿದ.

ಇದನ್ನೆಲ್ಲಾ ನಾನು ಕನ್ನಡದಲ್ಲಿ ಓದೋಕೆ ಆಗಿದ್ದೂ ಇದೇ ಊರಿನ ಪುಣ್ಯ. ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ ಕನ್ನಡಕ್ಕೆ ತರೋ ಕೆಲಸಕ್ಕೆ ಕೂತ್ರು, ಪೂರ್ತಿ ಬೈಬಲ್ ಬರೋ ಹೊತ್ತಿಗೆ 1831. ನಮ್ಮ ಬಿಸಿಲಲ್ಲಿ, ಕರೆಂಟು ಫ್ಯಾನು ಇಲ್ಲದ ಕಾಲದಲ್ಲಿ, ಇಪ್ಪತ್ತು ವರ್ಷ ಒಂದೊಂದೇ ಪದ. ಇಲ್ಲಿಗೆ ಬರುವಾಗ ಒಳಗೆ ಎಂಥ ಕರೆ ಇತ್ತೋ, ಕೈಯಲ್ಲಿ ನಡೆದಿದ್ದು ದಿನಾ ನಾಲ್ಕು ಸಾಲು ಬರೆದು ಎರಡು ಸಾಲು ಹೊಡೆದು ಹಾಕೋ ಕೆಲಸನೇ ಇದ್ದಿರಬೇಕು.

ಅದಕ್ಕೇ ತಂಗಿ, ಎಲ್ಲಾ ಹೋಯ್ತು ಅಂತ ಮತ್ತೊಂದು ಕೂಟ ಹುಡುಕ್ಕೊಂಡು ಓಡಬೇಡ. ಹೋಗೋದಾದ್ರೆ ಹೋಗು, ಬೇಡ ಅನ್ನಲ್ಲ, ಆದ್ರೆ ಮೊದಲು ಅಮ್ಮನ ಹತ್ರ ಹೋಗು. ಸಾರಿ ಅನ್ನೋಕೆ ನಾಚಿಕೆ ಆದ್ರೆ ಪಾತ್ರೆ ತೊಳೆಯುವಾಗ ಪಕ್ಕ ನಿಂತ್ಕೋ. ನಾನು ಬೈದಿದ್ದ ಆ ಬೆಲ್ಟಿನ ಹುಡುಗಿ ಮನೆಗೆ ನಾನು ಹೋಗಿದ್ದು ಒಂದೂವರೆ ವರ್ಷ ಆದ್ಮೇಲೆ, ಅತ್ತೆ ಹಾಸಿಗೆ ಹಿಡಿದ ಮೇಲೆ. ಅಷ್ಟು ತಡ ಮಾಡಬೇಡ. ಅವಳು ಬಾಗಿಲಲ್ಲಿ ನನ್ನ ನೋಡಿ ಮೊದಲು ಹೆದರಿಕೊಂಡ್ಲು, ಅದನ್ನ ನೋಡಿದ್ದು ನನಗೆ ಸಾಯೋವರೆಗೂ ಮರೆಯಲ್ಲ. ಈಗ ನನ್ನ ಹತ್ರನೇ ಕೆಲಸ ಮಾಡ್ತಾಳೆ, ಬೆಲ್ಟು ನನಗಿಂತ ಚೆನ್ನಾಗಿ ಕೂರಿಸ್ತಾಳೆ.

ಹೋದ ಬೇಸಿಗೆದು ಒಂದು ಹೇಳಿ ಬಿಡ್ತೀನಿ. ಏಪ್ರಿಲ್ ಕೊನೆ, ರಾತ್ರಿ ಹತ್ತರ ಮೇಲೆ ಕರೆಂಟ್ ಹೋಯ್ತು. ಬೆಳಿಗ್ಗೆ ಕೊಡಬೇಕಾದ ಲೋಡು ಅರ್ಧ ಬಾಕಿ, ಮಗಳಿಗೆ ಫೀಸ್ ಕಟ್ಟೋದು ಬಾಕಿ, ಗೋಡೆ ಮುಟ್ಟಿದ್ರೆ ಹಂಚಿನ ಹಂಗೆ ಸುಡ್ತಿತ್ತು. ಅತ್ತೆಗೆ ಗಾಳಿ ಹಾಕೋಣ ಅಂತ ರಟ್ಟು ತಗೊಂಡು ಮಂಚದ ಅಂಚಲ್ಲಿ ಕೂತೆ. ಗಾಳಿ ಹಾಕ್ತಾ ಹಾಕ್ತಾ ಕೈ ಸೋತು ನಿಂತುಬಿಡ್ತು, ಕತ್ತಲಲ್ಲಿ ಯಾರೂ ನೋಡಲ್ಲ ಅಂತ ಅಳೋಕೆ ಶುರು ಮಾಡಿದೆ, ಸದ್ದು ಮಾಡದೆ. ಅತ್ತೆ ನಿದ್ದೆ ಮಾಡಿದಾರೆ ಅಂದ್ಕೊಂಡಿದ್ದೆ. ಹಿಂದೆ ಹಾಸಿಗೆ ಸರಿದ ಸದ್ದಾಯ್ತು, ಆಮೇಲೆ ಬೆನ್ನ ಮೇಲೆ ಕೈ ಬಂತು, ಎಡಗೈ, ಸರಿಯಾಗಿ ಎರಡು ಭುಜದ ನಡುವೆ. ತಟ್ಟಲಿಲ್ಲ, ಇಟ್ಟಿತ್ತು ಅಷ್ಟೇ. ನಾನು ತಿರುಗಿ ನೋಡಲಿಲ್ಲ. ಎಷ್ಟು ಹೊತ್ತೋ. ಹನ್ನೊಂದೂವರೆಗೆ ಕರೆಂಟ್ ಬಂತು, ಫ್ಯಾನ್ ತಿರುಗ್ತು, ಆಕೆ ನಿದ್ದೆ ಹೋದ್ರು. ನಾನು ಎದ್ದು ಮುಖ ತೊಳ್ಕೊಂಡು ಮಿಷಿನ್ ಹತ್ರ ಹೋದೆ, ಇನ್ನೂ ನಲವತ್ತು ಪೀಸಿಗೆ ಲೂಪ್ ಹಾಕೋದಿತ್ತು.